ಕೊಟ್ಟ ಕೈ ಯಾವುದು?

ಉದ್ದೀಪನ ಮದ್ದಿನ ಪರೀಕ್ಷೆ ನಡೆಯುವ ಕೋಣೆಯೊಳಗೆ ನಾಚಿಕೆಗೆ ಜಾಗವಿಲ್ಲ. ಅಂಗಿಯನ್ನು ಎದೆಯವರೆಗೆ ಎತ್ತಬೇಕು, ಚಡ್ಡಿಯನ್ನು ಮೊಣಕಾಲಿಗೆ ಇಳಿಸಬೇಕು, ತೋಳು ಮಡಚಬೇಕು. ಹೆಣ್ಣುಮಗಳಾದರೆ ಹೆಣ್ಣು ಅಧಿಕಾರಿ, ಗಂಡಾದರೆ ಗಂಡು ಅಧಿಕಾರಿ ಎದುರಿಗೆ ನಿಂತು ನೋಡುತ್ತಿರುವಾಗಲೇ ಮೂತ್ರ ಹೊಯ್ಯಬೇಕು. ಕನಿಷ್ಠ 90 ಮಿಲಿಲೀಟರ್. ಓಡಿ, ಆಡಿ, ನೀರೆಲ್ಲ ಬೆವರಾಗಿ ಹೋದ ಮೈಯಿಂದ ಅಷ್ಟು ಬರಲು ಒಮ್ಮೊಮ್ಮೆ ತಾಸುಗಟ್ಟಲೆ ಹಿಡಿಯುತ್ತದೆ. ಬಂದ ಮೇಲಿನ ಕೆಲಸ ಆಟಗಾರನ ಕೈಯದೇ. ‘ಎ’ ಮತ್ತು ‘ಬಿ’ ಎಂಬ ಎರಡು ಬಾಟಲಿಗೆ ಅವನೇ ಸುರಿಯಬೇಕು, ಅವನೇ ಮುಚ್ಚಳ ಬಿಗಿಯಬೇಕು. ಆ ಮುಚ್ಚಳ ಒಂದು ಸಲ ಬಿಗಿದರೆ ಕೈಯಿಂದ ತಿರುವಿ ತೆಗೆಯಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಒಡೆದೇ ತೆಗೆಯಬೇಕು. ನಂತರ ಒಂದು ಫಾರ್ಮು. ಕಳೆದ 7 ದಿನಗಳಲ್ಲಿ ತೆಗೆದುಕೊಂಡ ಗುಳಿಗೆ, ಟಾನಿಕ್, ಪುಡಿ ಎಲ್ಲವನ್ನೂ ಬರೆಯಬೇಕು. ಕೋಚಿನ ಹೆಸರು ಬರೆಯಲೂ ಅದರಲ್ಲಿ ಜಾಗವುಂಟು. ಆದರೆ ಬಾಟಲಿಯ ಸಂಖ್ಯೆ ಅಂಟಿಕೊಳ್ಳುವುದು ಆಟಗಾರನಿಗೆ ಮಾತ್ರ.

ಜಾಗತಿಕ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ, ಅಂದರೆ ವಾಡಾ, ಮಾಡಿದ ನಿಯಮದ ತಿರುಳು ಸರಳ. ನಿನ್ನ ಮೈಯೊಳಗೆ ಸಿಕ್ಕದ್ದಕ್ಕೆ ನೀನೇ ಹೊಣೆ. ಬೇಕೆಂದು ತಿಂದೆಯೋ, ಗೊತ್ತಿಲ್ಲದೆ ತಿಂದೆಯೋ, ಯಾರೋ ಕಲಸಿ ಕೊಟ್ಟರೋ ಎಂಬುದು ಆಮೇಲಿನ ಮಾತು. ಅದರಿಂದ ಶಿಕ್ಷೆ ಹೆಚ್ಚು ಕಡಿಮೆ ಆಗಬಹುದು, ತಪ್ಪು ಅಳಿಯುವುದಿಲ್ಲ. ಕೇಳಿದ ಕೂಡಲೇ ಅನ್ಯಾಯ ಅನ್ನಿಸುತ್ತದೆ. ಕೊಲೆ ಕೇಸಿನಲ್ಲಿ ಕೂಡ ಉದ್ದೇಶವೇನೆಂದು ನ್ಯಾಯಾಲಯ ಕೇಳುವಾಗ ಒಂದು ಗುಳಿಗೆಗೆ ಕೇಳಬಾರದೇ? ಆದರೂ ಈ ನಿಯಮವನ್ನು ಸಡಿಲಿಸಿ ಎಂದು ನಾನು ಹೇಳಲಾರೆ. ‘ಗೊತ್ತಿರಲಿಲ್ಲ’ ಎಂಬ ಒಂದು ಮಾತಿಗೆ ಬಿಡುಗಡೆ ಸಿಗುವುದಾದರೆ ನಾಳೆಯಿಂದ ಯಾರಿಗೂ ಏನೂ ಗೊತ್ತಿರುವುದಿಲ್ಲ. ಪಕ್ಕದ ಲೇನಿನಲ್ಲಿ ಬರೀ ಅನ್ನ, ರೊಟ್ಟಿ ಉಂಡು ಓಡಿದವಳಿಗೂ ಒಂದು ನ್ಯಾಯ ಬೇಕಲ್ಲ. ನನ್ನ ತಕರಾರು ಬೇರೆಯದು. ಈ ನಿಯಮ ಒಬ್ಬರ ಮೇಲೆ ಕಬ್ಬಿಣದ ಹಾಗೆ ಬೀಳುತ್ತದೆ, ಅವರ ಸುತ್ತ ನಿಂತವರ ಮೇಲೆ ಹತ್ತಿಯ ಹಾಗೆ.

ನಮ್ಮ ರಾಜ್ಯದವರು ಮರೆಯಲಾರದ ಹೆಸರೊಂದನ್ನು ತೆಗೆದುಕೊಳ್ಳೋಣ. ಅಶ್ವಿನಿ ಅಕ್ಕುಂಜಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕರ ಮನೆಯ ಮಗಳು. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ನಾಲ್ವರಲ್ಲಿ ಒಬ್ಬಳು. ಆ ಕೂಟದ ಓಟದ ಅಂಕಣದಲ್ಲಿ ಭಾರತಕ್ಕೆ 1958ರ ಮಿಲ್ಖಾ ಸಿಂಗ್ ನಂತರ ಚಿನ್ನವೇ ಬಂದಿರಲಿಲ್ಲ. ಮರು ತಿಂಗಳು ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ಮತ್ತೆ ರಿಲೇ ಚಿನ್ನ. ಟಿ.ವಿ. ಮುಂದೆ ಕೂತಿದ್ದ ನಮ್ಮ ವಿಜಯಪುರದ ಕಡೆಯವರಿಗೂ ಅವಳ ಊರು ಯಾವ ದಿಕ್ಕಿಗಿದೆ ಎಂದು ಆಗ ತಿಳಿಯಿತು. ಹಾರ, ಶಾಲು, ಬ್ಯಾನರು, ಭಾಷಣ.

ಎಂಟು ತಿಂಗಳು ಕಳೆದವು. 2011ರ ಬೇಸಿಗೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ಭಾರತದ ರಿಲೇ ತಂಡದ ಬಳಗವೇ ಸಾಲಾಗಿ ಬಿತ್ತು. ಸಿನಿ ಜೋಸ್, ಮನ್‌ದೀಪ್ ಕೌರ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವಾರ್, ಅಶ್ವಿನಿ, ಆರು ಮಂದಿ. ಸಿಕ್ಕದ್ದು ಅನಬಾಲಿಕ್ ಸ್ಟಿರಾಯ್ಡ್, ಸ್ನಾಯು ಬೆಳೆಸುವ ಮದ್ದು. ಜಪಾನಿನ ಕೋಬೆಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಶುರುವಾಗುವ ಹೊಸ್ತಿಲಲ್ಲೇ ಅಶ್ವಿನಿಯನ್ನು ತಂಡದಿಂದ ಕೈಬಿಟ್ಟರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ಕ್ರೀಡಾ ಇಲಾಖೆ ಕೆಲಸದಿಂದ ತೆಗೆಯಿತು. ಓಟಗಾರ್ತಿಯರು ಹೇಳಿದ್ದು ಒಂದೇ ಮಾತು: ಕೋಚ್ ಚೀನಾದಿಂದ ತಂದ ಜಿನ್ಸೆಂಗ್ ಗುಳಿಗೆ ತಿಂದೆವು, ಅದರೊಳಗೆ ಏನಿತ್ತೋ ನಮಗೆ ತಿಳಿಯದು.

ಮದ್ದು ನಿಗ್ರಹದ ರಾಷ್ಟ್ರೀಯ ಸಂಸ್ಥೆ ನಾಡಾದ ಶಿಸ್ತು ಸಮಿತಿ ಆ ಮಾತನ್ನು ಬಹುಮಟ್ಟಿಗೆ ನಂಬಿತು. ಎರಡು ವರ್ಷ ಆಗಬೇಕಿದ್ದ ನಿಷೇಧವನ್ನು 2011ರ ಡಿಸೆಂಬರಿನಲ್ಲಿ ಒಂದು ವರ್ಷಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಸುಮ್ಮನಿರಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್ ಬಾಗಿಲಿಗೆ ಬಂದಿದ್ದಾಗ, ಶಿಕ್ಷೆ ಮತ್ತೆ ಎರಡು ವರ್ಷವಾಯಿತು. ಅಂತರರಾಷ್ಟ್ರೀಯ ಮಟ್ಟದ ಆಟಗಾರರು ಕೈಗೆ ಬಂದ ಗುಳಿಗೆಯನ್ನು ವಿಚಾರಿಸದೆ ನುಂಗಿದ್ದೇ ತಪ್ಪು ಎಂಬುದು ಅದರ ನಿಲುವು.

ನಿಲುವು ಸರಿಯೇ ಇದೆ. ವಿಚಾರಿಸಬೇಕಿತ್ತು. ಆದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಅಶ್ವಿನಿಗೆ 23 ವರ್ಷ. ಇರುವುದು ಸರ್ಕಾರದ ಶಿಬಿರದಲ್ಲಿ, ಊಟ ಹಾಕುವವರು ಅವರು, ಎಬ್ಬಿಸುವವರು ಅವರು, ಎಷ್ಟು ಸುತ್ತು ಓಡಬೇಕೆಂದು ಹೇಳುವವರು ಅವರು. ಚಿನ್ನ ಕೊಡಿಸಿದ ಕೋಚ್ ಮುಂದೆ ಹಿಡಿದ ಗುಳಿಗೆಯನ್ನು ‘ಇದರೊಳಗೇನಿದೆ, ಪರೀಕ್ಷೆ ಮಾಡಿಸಿದ್ದೀರಾ’ ಎಂದು ಕೇಳುವ ಧೈರ್ಯ ಯಾವ ಹಾಸ್ಟೆಲಿನಲ್ಲಿ, ಯಾವ ಶಾಲೆಯಲ್ಲಿ ನಾವು ನಮ್ಮ ಮಕ್ಕಳಿಗೆ ಕಲಿಸಿದ್ದೇವೆ?

ಇದನ್ನು ನಾನು ವಿಜಯಪುರ ಜಿಲ್ಲೆಯ ಹಲಸಂಗಿಯ ಕಡೆಯವನಾಗಿ ಕೇಳುತ್ತಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಬೆಳೆದವರಿಗೆ ಗರಡಿಮನೆಯ ರಿವಾಜು ಗೊತ್ತು. ಪೈಲ್ವಾನ ಏನು ಉಣ್ಣಬೇಕೆಂಬುದು ಅವನಿಗೆ ಬಿಟ್ಟದ್ದಲ್ಲ, ಕುಸ್ತಿ ಕಲಿಸುವ ವಸ್ತಾದನಿಗೆ ಬಿಟ್ಟದ್ದು. ಎಷ್ಟು ಬದಾಮಿ ಅರೆಯಬೇಕು, ಎಷ್ಟು ಹಾಲು, ಎಷ್ಟು ತುಪ್ಪ, ಥಂಡಾಯಿ ಯಾವಾಗ, ಇದಕ್ಕೆಲ್ಲ ಸೇರಿ ಖುರಾಕು ಅನ್ನುತ್ತಾರೆ. ಬಡವರ ಮನೆಯ ಹುಡುಗ ಒಳ್ಳೆಯ ಪೈಲ್ವಾನನಾದರೆ ಊರವರೇ ಸೇರಿ ಖುರಾಕು ಕಟ್ಟಿದ್ದುಂಟು. ಒಬ್ಬರ ಮನೆಯಿಂದ ಹಾಲು, ಒಬ್ಬರ ಅಂಗಡಿಯಿಂದ ಬದಾಮಿ. ಸಾಂಗಲಿ, ಕೊಲ್ಹಾಪುರದ ತಾಲೀಮಿಗೆ ಹೋಗಿ ಬಂದವರೂ ಇದೇ ರೂಢಿಯಲ್ಲಿ ಬೆಳೆದವರು. ವಸ್ತಾದ ಲೋಟ ಕೊಟ್ಟರೆ ಕಣ್ಣು ಮುಚ್ಚಿ ಕುಡಿಯಬೇಕು. ಕೇಳಿದರೆ ಅದು ಅಪಮಾನ. ಜಾತ್ರೆಯ ಕಣದಲ್ಲಿ ಆ ಹುಡುಗ ಬೆಳ್ಳಿ ಖಡೆ ಗೆದ್ದರೆ ಊರೇ ಗೆದ್ದಂತೆ. ವಸ್ತಾದನಿಗೆ ಮೊದಲ ಪಟಗ.

ಈ ನಂಬಿಕೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದರಲ್ಲಿ ಒಂದು ಮರ್ಯಾದೆ ಇತ್ತು, ಲೆಕ್ಕವೂ ಇತ್ತು. ಹುಡುಗ ಕೆಟ್ಟರೆ ವಸ್ತಾದನ ಹೆಸರು ಕೆಡುತ್ತಿತ್ತು. ಅವನು ಅದೇ ಊರಲ್ಲಿ, ಅದೇ ಕಟ್ಟೆಯ ಮೇಲೆ ಕೂತು ಮುಖ ತೋರಿಸಬೇಕಿತ್ತು. ಈಗ ವಿಧೇಯತೆ ಉಳಿದಿದೆ, ಆ ಲೆಕ್ಕ ಹೋಗಿದೆ.

ನಸುಕಿನಲ್ಲಿ ನಮ್ಮ ಕಡೆ ಯಾವ ರಸ್ತೆಗೆ ಬಂದರೂ ಹುಡುಗರು ಓಡುತ್ತಿರುತ್ತಾರೆ. ಪೊಲೀಸ್ ಭರ್ತಿ, ಮಿಲಿಟರಿ ಭರ್ತಿ. ಅರ್ಧ ನಿಮಿಷ ತಡವಾಗಿ ಗೆರೆ ಮುಟ್ಟಿದರೆ ಇಡೀ ಮನೆಯ ಆಸೆ ಮುಂದಿನ ಭರ್ತಿಗೆ ಹೋಯಿತು. ಈ ಹುಡುಗರ ಕೋಣೆಗಳಲ್ಲಿ ಎರಡು ಕಿಲೋದ ಪ್ಲಾಸ್ಟಿಕ್ ಡಬ್ಬಿಗಳನ್ನು ನಾನು ನೋಡಿದ್ದೇನೆ. ಮೇಲೆ ಉಬ್ಬಿದ ತೋಳಿನ ಬಿಳಿಯನ ಚಿತ್ರ, ಸಣ್ಣ ಅಕ್ಷರದ ಇಂಗ್ಲಿಷು, ಅರ್ಧ ಹರಿದ ಸ್ಟಿಕ್ಕರು. ಒಳಗೆ ಉದ್ದ ಹಿಡಿಕೆಯ ಚಮಚ, ಬಿಳಿ ಪುಡಿ. ‘ಇದರಾಗ ಏನೈತಿ ತಮ್ಮಾ?’ ಎಂದು ಒಬ್ಬನನ್ನು ಕೇಳಿದೆ. ‘ಬರೇ ಶಕ್ತಿ ಪುಡಿ ಐತ್ರಿ ಕಾಕಾ, ಏನೂ ಆಗಂಗಿಲ್ಲ. ನಮ್ಮ ಸರ್ ಕೊಟ್ಟಾರ’ ಅಂದ. ಬಿಲ್ಲು? ಬಿಲ್ಲು ಇರಲಿಲ್ಲ. ಓಟದ ದಿನ ನೋವು ಗೊತ್ತಾಗದಿರಲೆಂದು ಸೂಜಿ ಮಾಡಿಸಿಕೊಂಡು ಹೋಗುವವರ ಮಾತೂ ಅಲ್ಲೇ ಬಂತು. ಆ ಹುಡುಗರ ದನಿಯಲ್ಲಿ ಕಳ್ಳತನ ಮಾಡಿದವರ ಅಳುಕು ಇರಲಿಲ್ಲ. ಗುಡಿಗೆ ಹೋಗಿ ಅಂಗಾರ ಹಚ್ಚಿಕೊಂಡು ಬಂದಷ್ಟೇ ಸಹಜವಾಗಿ ಹೇಳಿದರು. ‘ಆಯುರ್ವೇದಿಕ್’ ಎಂದು ಡಬ್ಬಿಯ ಮೇಲೆ ಬರೆದಿದ್ದರಂತೂ ಮುಗಿಯಿತು. ಬೇರು ನಾರಿನಲ್ಲಿ ದೋಷವಿರುವುದಿಲ್ಲ ಎಂಬುದು ನಮ್ಮವರ ಭಾವನೆ. ಜಿನ್ಸೆಂಗ್ ಕೂಡ ಒಂದು ಬೇರೇ.

ಇದೇ ಹುಡುಗರಲ್ಲಿ ಚುರುಕಾದವನೊಬ್ಬ ನಾಳೆ ಜಿಲ್ಲಾ ಮಟ್ಟಕ್ಕೆ, ರಾಜ್ಯ ಮಟ್ಟಕ್ಕೆ ಹೋಗುತ್ತಾನೆ. ನಮ್ಮ ವಿಜಯಪುರ ಜಿಲ್ಲೆ ಸೈಕ್ಲಿಂಗಿಗೆ ಹೆಸರಾದದ್ದು. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವವರ ಕಸುವು ನೋಡಿದವರಿಗೆ ಇಲ್ಲಿನ ಮಣ್ಣಿನ ಗುಣ ಹೇಳಬೇಕಿಲ್ಲ. ಒಂದು ದಿನ ಆ ಹುಡುಗನ ಎದುರಿಗೆ ಎರಡು ಬಾಟಲಿ ಬರುತ್ತವೆ. ‘ನಮ್ಮ ಸರ್’ ಆಗ ಎಲ್ಲಿರುತ್ತಾರೆ?

ಆಟಗಾರರೆಲ್ಲ ಪಾಪದವರು, ಮೋಸ ಹೋದವರು ಎಂದು ಈ ಮಾತಿನ ಅರ್ಥವಲ್ಲ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾ ಅಧಿಕಾರಿಗಳು ಬಂದ ಸುದ್ದಿ ಹಬ್ಬಿ, 100 ಮೀಟರ್ ಪುರುಷರ ಫೈನಲಿನಲ್ಲಿ ಓಡಲು ಒಬ್ಬನೇ ಒಬ್ಬ ನಿಂತಿದ್ದ. ಕ್ರೀಡಾಂಗಣದ ಶೌಚಾಲಯದಲ್ಲಿ ಬಳಸಿ ಎಸೆದ ಸಿರಿಂಜುಗಳು ಸಿಕ್ಕವು. ಅದೇ ವರ್ಷದ ವಾಡಾ ಲೆಕ್ಕದಲ್ಲಿ ಭಾರತದಿಂದ ಪರೀಕ್ಷೆಯಾದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ಮದ್ದು ಸಿಕ್ಕಿತ್ತು. ಇಷ್ಟೆಲ್ಲ ಗೊತ್ತಿಲ್ಲದೆ ಆಗುವುದಿಲ್ಲ. ಓಡಿಹೋದ ಆ ಓಟಗಾರರಿಗೆ ಏನು ತಿಂದಿದ್ದೇವೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಕೊಡಗು ಮೂಲದ, ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ ಅವರ ಕಥೆ ಇನ್ನೂ ಗೋಜಲಿನದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಮಿಶ್ರ ರಿಲೇಯಲ್ಲಿ ಅವರಿದ್ದ ಭಾರತ ತಂಡ ಬಹರೇನ್ ಹಿಂದೆ ಎರಡನೆಯದಾಗಿ ಬಂತು. ಬಹರೇನಿನ ಓಟಗಾರ್ತಿಯೊಬ್ಬಳು ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. 2020ರಲ್ಲಿ ಭಾರತದ ಬೆಳ್ಳಿ ಚಿನ್ನವಾಯಿತು. ಸ್ಟೇಡಿಯಮ್ಮಿನಲ್ಲಿ ಕೇಳಬೇಕಿದ್ದ ರಾಷ್ಟ್ರಗೀತೆ ಎರಡು ವರ್ಷ ತಡವಾಗಿ, ಅದೂ ಒಂದು ಪತ್ರದ ರೂಪದಲ್ಲಿ ಬಂದಂತಾಯಿತು. ಮೋಸ ಮಾಡಿದವರಿಂದ ಮೋಸವಾದವರಿಗೆ ಏನಾಗುತ್ತದೆ ಎಂಬುದಕ್ಕೆ ಪೂವಮ್ಮ ಸಾಕ್ಷಿಯಾಗಿ ನಿಂತ ಕ್ಷಣ ಅದು. ಮುಂದಿನ ಫೆಬ್ರುವರಿ 18ರಂದು, 2021ರಲ್ಲಿ, ಪಟಿಯಾಲಾದಲ್ಲಿ ಕೊಟ್ಟ ಅವರದೇ ಮಾದರಿಯಲ್ಲಿ ಮೀಥೈಲ್‌ಹೆಕ್ಸಾನಮೀನ್ ಎಂಬ ಚುರುಕುಮದ್ದು ಸಿಕ್ಕಿತು. ಶಿಸ್ತು ಸಮಿತಿ ಮೂರು ತಿಂಗಳ ನಿಷೇಧ ಹಾಕಿತು. ನಾಡಾ ಮೇಲ್ಮನವಿ ಹೋಗಿ 2022ರಲ್ಲಿ ಅದು ಎರಡು ವರ್ಷವಾಯಿತು. ಅಶ್ವಿನಿಗೆ ಆದ ಹಾಗೆಯೇ, ಕೆಳಗೆ ಕರುಣೆ, ಮೇಲೆ ಕಾಠಿಣ್ಯ. ಅರ್ಜುನ ಪ್ರಶಸ್ತಿ ಪಡೆದ ಓಟಗಾರ್ತಿ. ಒಂದೇ ನಿಯಮ ಒಂದು ವರ್ಷ ಚಿನ್ನ ಕೊಟ್ಟಿತು, ಮರು ವರ್ಷ ಅಂಕಣ ಕಸಿದುಕೊಂಡಿತು. ಎರಡನ್ನೂ ಮಾಡುವ ಅಧಿಕಾರ ಆ ನಿಯಮಕ್ಕೆ ಇರಲೇಬೇಕೆಂದು ಒಪ್ಪಿಕೊಂಡ ಮೇಲೂ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ಫುಟ್‌ಬಾಲಿನ ಕಡೆ ನೋಡಿದರೆ ದುಡ್ಡು ದೊಡ್ಡದು, ಬೀಳುವ ಎತ್ತರವೂ ದೊಡ್ಡದು. 1994ರ ವಿಶ್ವಕಪ್ಪಿನಿಂದ ಮರಡೋನಾ ಎಫಿಡ್ರಿನ್ ಕಾರಣಕ್ಕೆ ಮನೆಗೆ ಹೋದದ್ದು ಎಲ್ಲರಿಗೂ ಗೊತ್ತು. ರೊಮೇನಿಯಾದ ಆಡ್ರಿಯನ್ ಮುಟು ಕೊಕೇನಿನಲ್ಲಿ ಸಿಕ್ಕಿದಾಗ ಏಳು ತಿಂಗಳ ನಿಷೇಧ ಸಾಲದೆಂದು, ಚೆಲ್ಸಿ ಕ್ಲಬ್ಬಿಗೆ 1.7 ಕೋಟಿ ಯೂರೋ ಪರಿಹಾರ ಕೊಡಬೇಕೆಂಬ ತೀರ್ಪೂ ಬಂತು. ಕ್ಯಾಮರೂನಿನ ಗೋಲ್‌ಕೀಪರ್ ಆಂದ್ರೆ ಒನಾನಾ ಹೆಂಡತಿಯ ಗುಳಿಗೆಯನ್ನು ತನ್ನದೆಂದು ತಿಳಿದು ನುಂಗಿದೆ ಎಂದ. ಒಂಬತ್ತು ತಿಂಗಳು ಹೊರಗೆ ಕೂತ. ನಮ್ಮ ಗೋಲ್‌ಕೀಪರ್ ಸುಬ್ರತಾ ಪಾಲ್ 2017ರಲ್ಲಿ ರಾಷ್ಟ್ರೀಯ ಶಿಬಿರದಲ್ಲಿ ಸಿಕ್ಕಿಬಿದ್ದದ್ದು ಟರ್ಬ್ಯುಟಲಿನ್‌ನಿಂದ. ನಮ್ಮ ಊರಿನ ಯಾವ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳಿದರೂ ಅದು ಇರುವ ಬಾಟಲಿ ಸಿಕ್ಕೀತು. ಪುಣ್ಯಕ್ಕೆ ಅವರು ಅದೇ ವರ್ಷ ಜಮ್ಶೆಡ್‌ಪುರ ತಂಡದ ಗೋಲಿಗೆ ಮರಳಿದರು, ಆ ಸೀಸನ್ನಿನ ಶ್ರೇಷ್ಠ ಗೋಲ್‌ಕೀಪರ್ ಎನಿಸಿದರು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಎರಡು ಪ್ರಕರಣ. ಒಂದು, ಪೆರು ದೇಶದ ನಾಯಕ ಪಾವ್ಲೊ ಗೆರೆರೊ. 36 ವರ್ಷಗಳ ನಂತರ ಆ ದೇಶ ವಿಶ್ವಕಪ್ಪಿಗೆ ಹೊರಟಿತ್ತು. ಅವನ ಮೂತ್ರದಲ್ಲಿ ಕೊಕೇನಿನ ಅಂಶ ಸಿಕ್ಕಿತು. ಕೋಕಾ ಎಲೆಯ ಚಹಾದಿಂದ ಬಂದದ್ದು ಎಂದ. ಆಟದ ಕಸುವು ಹೆಚ್ಚಿಸಿಕೊಳ್ಳಲು ಅವನು ಅದನ್ನು ತೆಗೆದುಕೊಂಡಿರಲಿಲ್ಲವೆಂದು ಕ್ರೀಡಾ ನ್ಯಾಯಮಂಡಳಿಯೇ ಒಪ್ಪಿತು, ಆದರೂ 14 ತಿಂಗಳ ನಿಷೇಧ ಹಾಕಿತು. ಆಗ ಅವನ ಪರವಾಗಿ ಫಿಫಾಕ್ಕೆ ಪತ್ರ ಬರೆದವರು ಯಾರು? ಪೆರುವಿನ ಗುಂಪಿನಲ್ಲೇ ಇದ್ದ ಮೂರು ಎದುರಾಳಿ ತಂಡಗಳ ನಾಯಕರು: ಫ್ರಾನ್ಸಿನ ಲೊರಿಸ್, ಡೆನ್ಮಾರ್ಕಿನ ಕ್ಯೇರ್, ಆಸ್ಟ್ರೇಲಿಯಾದ ಯೆಡಿನಾಕ್. ಸ್ವಿಸ್ ನ್ಯಾಯಾಲಯ ನಿಷೇಧವನ್ನು ತಡೆಹಿಡಿಯಿತು, ಗೆರೆರೊ 2018ರಲ್ಲಿ ರಷ್ಯಾಕ್ಕೆ ಹೋದ, ಆಸ್ಟ್ರೇಲಿಯಾ ವಿರುದ್ಧವೇ ಗೋಲು ಹೊಡೆದ. ತನ್ನ ಸಹಿಯಿಂದ ಬಂದವನು ತನ್ನ ತಂಡಕ್ಕೇ ಗೋಲು ಹೊಡೆದದ್ದನ್ನು ಯೆಡಿನಾಕ್ ನೋಡಬೇಕಾಯಿತು. ಇಂಥ ಪತ್ರವನ್ನು ನಮ್ಮಲ್ಲಿ ಎದುರಾಳಿ ಇರಲಿ, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರಾದರೂ ಬರೆದಾರೇ ಎಂದು ಯೋಚಿಸುತ್ತೇನೆ.

ಇನ್ನೊಂದು, ಇಂಗ್ಲೆಂಡಿನ ಜೇಕ್ ಲಿವರ್‌ಮೋರ್. ಹಲ್ ಸಿಟಿ ತಂಡದಲ್ಲಿ ಆಡುತ್ತಿದ್ದ. 2015ರಲ್ಲಿ ಕೊಕೇನ್ ಸಿಕ್ಕಿತು. ಎರಡು ವರ್ಷ ಖಚಿತ ಎಂದುಕೊಂಡಿದ್ದರು ಎಲ್ಲರೂ. ವಿಚಾರಣೆಯಲ್ಲಿ ತಿಳಿದುಬಂದದ್ದು, ಹಿಂದಿನ ವರ್ಷ ಅವನ ಮಗು ಹುಟ್ಟುವಾಗಲೇ ತೀರಿಹೋಗಿತ್ತು. ಆ ದುಃಖವನ್ನು ಅವನು ಯಾರ ಮುಂದೆಯೂ ಹೇಳಿಕೊಳ್ಳದೆ ಒಳಗೇ ಇಟ್ಟುಕೊಂಡು ಆಡುತ್ತಿದ್ದ. ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆ ಅವನಿಗೆ ನಿಷೇಧ ಹಾಕಲಿಲ್ಲ. ಎರಡು ವರ್ಷದ ಮೇಲೆ ಅವನು ಮತ್ತೆ ದೇಶಕ್ಕೆ ಆಡಿದ. ನಿಯಮ ಮುರಿದದ್ದನ್ನು ಯಾರೂ ಅಲ್ಲಗಳೆಯಲಿಲ್ಲ. ಮುರಿದವನ ಒಳಗೆ ಏನಾಗಿತ್ತು ಎಂದು ಕೇಳುವ ವ್ಯವಧಾನ ತೋರಿಸಿದರು, ಅಷ್ಟೇ. ಹಲಸಂಗಿಯವನಿಗೆ ಇಲ್ಲಿ ಅದೇ ಊರಿನ ಮಧುರಚೆನ್ನರು ನೆನಪಾಗದೆ ಇರುವುದಿಲ್ಲ. 1953ರಲ್ಲಿ ತೀರಿಕೊಂಡ ಆ ಕವಿ ತಮ್ಮ ಸಂಶಯ, ಕತ್ತಲೆ, ತಳಮಳಗಳನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ತಾವೇ ಬರೆದಿಟ್ಟರು. ತಮ್ಮನ್ನು ತಾವೇ ಪರೀಕ್ಷೆಗೆ ಒಡ್ಡಿಕೊಳ್ಳಲು ಅವರಿಗೆ ಸಿಂಪಿ ಲಿಂಗಣ್ಣನಂಥ, ಧೂಲಾಸಾಹೇಬನಂಥ ಗೆಳೆಯರ ಬೆನ್ನಾಸರೆ ಇತ್ತು. ಲಿವರ್‌ಮೋರ್‌ಗೆ ತಂಡದ ಕೋಣೆಯಲ್ಲಿ ಹನ್ನೊಂದು ಮಂದಿ ಇದ್ದೂ ಅಂಥವನೊಬ್ಬ ಇರಲಿಲ್ಲ.

ಇನ್ನು ಕೊಡುವವರ ವಿಷಯ. ಕಾನೂನಿನಲ್ಲಿ ಅವರಿಗೆ ಶಿಕ್ಷೆ ಇಲ್ಲವೆಂದೇನೂ ಇಲ್ಲ. ವಾಡಾ ಸಂಹಿತೆಯ ಪ್ರಕಾರ ಆಟಗಾರನಿಗೆ ನಿಷೇಧಿತ ಮದ್ದು ಕೊಟ್ಟ ಕೋಚಿಗೆ, ವೈದ್ಯನಿಗೆ ಕನಿಷ್ಠ ನಾಲ್ಕು ವರ್ಷ, ಬೇಕಾದರೆ ಆಜೀವ ನಿಷೇಧ ಹಾಕಬಹುದು. ಮದ್ದು ಕೊಟ್ಟವರನ್ನು ಹಿಡಿದುಕೊಟ್ಟ ಆಟಗಾರನ ಶಿಕ್ಷೆಯನ್ನು ಮುಕ್ಕಾಲು ಭಾಗದವರೆಗೆ ಇಳಿಸಲೂ ಅವಕಾಶವಿದೆ. ಭಾರತವೂ 2022ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಕಾಗದದ ಮೇಲೆ ಎಲ್ಲ ಚೆಂದ. ವ್ಯತ್ಯಾಸವಿರುವುದು ಸಾಕ್ಷಿಯಲ್ಲಿ. ಆಟಗಾರನ ವಿರುದ್ಧ ಅವನ ಮೈಯೇ ಸಾಕ್ಷಿ, ಬಾಟಲಿಯೇ ಪುರಾವೆ. ಕೊಟ್ಟವನ ವಿರುದ್ಧ ಯಾರಾದರೂ ಬಾಯಿ ಬಿಡಬೇಕು, ಕಾಗದ ತೋರಿಸಬೇಕು. ಬಿಲ್ಲು ಇಲ್ಲದ ಡಬ್ಬಿಗೆ, ಬಾಯಿಮಾತಿನಲ್ಲಿ ಕೊಟ್ಟ ಗುಳಿಗೆಗೆ ಎಲ್ಲಿಯ ಕಾಗದ? ಹುಡುಗ ಬಾಯಿ ಬಿಟ್ಟರೂ ಅದು ಸಿಕ್ಕಿಬಿದ್ದವನ ಬಾಯಿ, ಯಾರು ನಂಬುತ್ತಾರೆ?

ಹೀಗಾಗಿ ಹಾರ ಹಾಕುವಾಗ ವೇದಿಕೆಯ ಮೇಲೆ ಹತ್ತಾರು ಜನ, ಕೋಚ್, ಪದಾಧಿಕಾರಿ, ಪ್ರಾಯೋಜಕ, ಶಾಸಕ. ನೋಟಿಸು ಬಂದ ದಿನ ಮನೆಯ ಬಾಗಿಲಲ್ಲಿ ಆಟಗಾರ್ತಿ ಒಬ್ಬಳೇ. ಗೆಲುವಿನಲ್ಲಿ ಪಾಲು ಕೇಳಿದವರು ಕಳಂಕದಲ್ಲೂ ಪಾಲು ಹೊರಬೇಕೆಂಬುದು ದೊಡ್ಡ ತತ್ತ್ವವೇನಲ್ಲ; ಗರಡಿಯ ಹಳೆಯ ವಸ್ತಾದರಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದ ಮಾತು.

ಮಕ್ಕಳನ್ನು ಜಿಮ್ಮಿಗೆ, ಅಕಾಡೆಮಿಗೆ, ಭರ್ತಿಯ ತರಬೇತಿಗೆ ಕಳಿಸುವ ಇಂಡಿ, ಸಿಂದಗಿಯ ಅಪ್ಪ ಅವ್ವಂದಿರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಹುಡುಗನ ಕೋಣೆಗೆ ಹೋದಾಗ ಆ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಿ. ಎಲ್ಲಿ ಕೊಂಡದ್ದು, ಬಿಲ್ಲು ಎಲ್ಲಿ ಎಂದು ಕೇಳಿ. ಖಾಲಿಯಾದ ಡಬ್ಬಿಯನ್ನೂ ಎಸೆಯದೆ ಇಡಲು ಹೇಳಿ. ಸರ್ ಕೊಟ್ಟರು ಎಂದರೆ ಆ ಸರ್ ಹತ್ತಿರ ಹೋಗಿ, ಇಂಥ ದಿನ ಇಂಥದ್ದನ್ನು ನಾನು ಕೊಟ್ಟಿದ್ದೇನೆ ಎಂದು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಕೊಡಲು ಮರ್ಯಾದೆಯಿಂದಲೇ ಕೇಳಿ. ಸಹಿ ಹಾಕಲು ಹಿಂದೆ ಸರಿದರೆ ಆ ಡಬ್ಬಿಯನ್ನು ಅಲ್ಲೇ ಅವರ ಮೇಜಿನ ಮೇಲೆ ಬಿಟ್ಟು, ಹುಡುಗನನ್ನು ಕರೆದುಕೊಂಡು ಬನ್ನಿ.